ಡೌಟು ಕೇಳುವವರ ಸಾಲು

ಸಂಜೆಯ ಚಹಾ ಮುಗಿದ ಮೇಲೆ ನಮ್ಮ ಹಾಸ್ಟೆಲ್ ಕಾಲೇಜಿನ ಕಾರಿಡಾರಿನಲ್ಲಿ ಮೇಷ್ಟರಿಗೊಂದರಂತೆ ಟೇಬಲ್ಲು ಹಾಕುತ್ತಿದ್ದರು. ಓದುತ್ತ ಕೂತ ಹುಡುಗರು, ತಿಳಿಯದ್ದನ್ನು ಕೇಳಲು ಎದ್ದು ಬಂದು ಸಾಲಿನಲ್ಲಿ ನಿಲ್ಲಬೇಕು. ಅದಕ್ಕೆ ಡೌಟ್ ಅವರ್ ಎಂದು ಹೆಸರು. ಪ್ರಿನ್ಸಿಪಾಲರು ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡುತ್ತ, ಯಾರ ಮುಂದೆ ಸಾಲು ಎಷ್ಟು ಉದ್ದವಿದೆ ಎಂದು ನೋಡುತ್ತಿದ್ದರು. ಪಾಠ ಕೇಳಲು ಒಮ್ಮೆಯೂ ಕ್ಲಾಸಿಗೆ ಬಂದವರಲ್ಲ. ದೋಸೆ ಹೋಟೆಲಿನ ಹಾಗೆ ಮೇಷ್ಟರನ್ನೂ ಹೊರಗೆ ನಿಂತ ಜನರನ್ನು ನೋಡಿ ಅಳೆಯಬಹುದೆಂದು ನಂಬಿದ್ದ ಮನುಷ್ಯ.

ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂ. ವಿದ್ಯುತ್ ಸ್ಥಾವರದ ಬೂದಿ ಆ ಟೇಬಲ್ಲುಗಳ ಮೇಲೂ ಕೂರುತ್ತಿತ್ತು. ಫಿಸಿಕ್ಸಿಗೆ ಇಬ್ಬರು: ಧಾರವಾಡದ ನಾನು, ಮಂಡ್ಯ ಕಡೆಯ ಅವನು. ಇಡೀ ಕ್ಯಾಂಪಸ್ಸಿಗೆ ನಾವಿಬ್ಬರೇ ಕನ್ನಡದವರಾದ್ದರಿಂದ ಪರಸ್ಪರ ಹೀಯಾಳಿಸಲು ನಮಗೆ ಖಾಸಗಿ ಭಾಷೆಯೊಂದಿತ್ತು.

ಆ ವರ್ಷ ವಿಶಾಖಪಟ್ನಂನ ಎಂವಿಪಿ ಕಾಲೋನಿ ಶಾಖೆಯಲ್ಲಿ ಫಿಸಿಕ್ಸಿನ ಒಂದು ಜಾಗ ಖಾಲಿಯಾಯಿತು. ನಮ್ಮಿಬ್ಬರಲ್ಲಿ ಒಬ್ಬರನ್ನು ಪ್ರಿನ್ಸಿಪಾಲರು ಆರಿಸಿ ಕಳಿಸಬೇಕು. ನನ್ನ ಹೆಂಡತಿ ಅದೇ ಊರಿನ ಗಾಜುವಾಕದ ಆಸ್ಪತ್ರೆಯೊಂದರಲ್ಲಿ ನರ್ಸ್. ಮದುವೆಯಾದಾಗಿನಿಂದ ನಾವು ರಜೆಯಲ್ಲಿ ಮಾತ್ರ ಸಂಸಾರಸ್ಥರು. ಆ ಜಾಗ ಸಿಕ್ಕರೆ ಒಂದೇ ಮನೆಯಲ್ಲಿ ಇರಬಹುದು. ಅವನಿಗೆ ಬೇಕಿದ್ದದ್ದು ಬೇರೆ. ರ್‍ಯಾಂಕ್ ಬರುವ ಹುಡುಗರ ಬ್ಯಾಚು ಅಲ್ಲಿತ್ತು. ಬೀದಿಯ ಫ್ಲೆಕ್ಸಿನಲ್ಲಿ ಆ ಹುಡುಗರ ನಡುವೆ ತನ್ನ ಮುಖ ಕಾಣಬೇಕು, ಅಷ್ಟೇ.

ಅವನ ತಂತ್ರ ಸರಳ. ಲೆಕ್ಕವನ್ನು ಮುಕ್ಕಾಲು ಬಿಡಿಸಿ, ಕೈಯ ಚಾಕ್ ಕೊಡವಿ, “ಉಳಿದದ್ದು ಸಂಜೆಗೆ” ಎನ್ನುತ್ತಿದ್ದ. ಸಂಜೆ ಇಡೀ ಕ್ಲಾಸು ಅವನ ಮುಂದೆ. ನಾನು ಲೆಕ್ಕದ ಕೊನೆಯ ಸಾಲಿನವರೆಗೂ ಬಿಡಿಸುವ ಮೂರ್ಖ. ನನ್ನ ಹುಡುಗರು ಬರುತ್ತಿರಲಿಲ್ಲ. ಅವರಿಗೆ ಎಲ್ಲ ತಿಳಿದಿತ್ತೋ, ಕೇಳುವಷ್ಟೂ ತಿಳಿದಿರಲಿಲ್ಲವೋ, ಇವತ್ತಿಗೂ ಹೇಳಲಾರೆ. ಈಗ ನೆನೆದರೆ ಅವನ ಸಾಲು ಮೆಟ್ಟಿಲು ಇಳಿದು ಮೆಸ್ಸಿನ ಬಾಗಿಲು ಮುಟ್ಟುತ್ತದೆ. ಅದನ್ನು ನಾನು ನಂಬುವುದಿಲ್ಲ. ದ್ವೇಷದ ನೆನಪಿಗೆ ಅಳತೆಗೋಲು ಇರುವುದಿಲ್ಲ.

“ಏನ್ ಗುರುವೇ, ಬೋಣಿ ಆಯ್ತಾ?” ಪಕ್ಕದ ಟೇಬಲ್ಲಿನಿಂದ ಕೇಳುತ್ತಿದ್ದ.

“ಅರ್ಧಾ ಊಟಾ ಬಡಿಸಿ ಉಳಿದದ್ದಕ್ಕ ಹಿತ್ತಲಿಗೆ ಬರ್ರಿ ಅಂದ್ರ, ಯಾರರ ಬರತಾರಪಾ.”

“ನೀನು ಹೊಟ್ಟೆ ತುಂಬ ಬಡ್ಸು. ಮಕ್ಳು ನಿನ್ ಕ್ಲಾಸಲ್ಲೇ ಮಲ್ಕಳ್ಳಿ.”

ಅವನ ಸಾಲಿನ ಹುಡುಗರು ಅರ್ಥವಾಗದೆಯೂ ನಗುತ್ತಿದ್ದರು. ತಮ್ಮ ಮೇಷ್ಟರು ಹೇಳಿದ ಮೇಲೆ ನಗಲೇಬೇಕಲ್ಲ.

ಕಡೆಗೊಂದು ದಿನ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. “ರಂಡಿ ಸಾರ್, ಕೂರ್ಚೋಂಡಿ” ಎಂದು ತೆಲುಗಿನಲ್ಲಿ ಬರಮಾಡಿಕೊಂಡು ಕುರ್ಚಿ ತೋರಿಸಿ, ಮುಂದಿನದನ್ನೂ ಅದೇ ಭಾಷೆಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು. ವಿಶಾಖಪಟ್ನಂಗೆ ನೀವೇ ಹೊರಡಿ. ಅವರನ್ನು ಕಳಿಸಿದರೆ ಇಲ್ಲಿನ ಪೇರೆಂಟ್ಸ್ ನನ್ನನ್ನು ಬಿಡುವುದಿಲ್ಲ, ಅವರಿಗೆಷ್ಟು ಡಿಮ್ಯಾಂಡು ಇದೆಯೆಂದು ನೀವೇ ನೋಡಿದ್ದೀರಿ. ನೀವು ಹೋದರೆ ಯಾರೂ ಏನೂ ಅನ್ನುವುದಿಲ್ಲ.

ಅದನ್ನು ಅವರು ಹೊಗಳಿಕೆಯ ದನಿಯಲ್ಲಿಯೇ ಹೇಳಿದರು. ನಾನು ಥ್ಯಾಂಕ್ಸ್ ಅಂದೆ. ಬೇಡವಾದವನಾಗಿ ಗೆದ್ದಿದ್ದೆ. ತೀರ್ಪು ಕೊಟ್ಟ ಆ ಮನುಷ್ಯನಿಗೆ ಫಿಸಿಕ್ಸಿನ ಒಂದಕ್ಷರ ಗೊತ್ತಿರಲಿಲ್ಲ.

ಸುದ್ದಿ ತಿಳಿದ ಅವನು ಸ್ಟಾಫ್ ರೂಮಿನ ಬಾಗಿಲಲ್ಲಿ ನನ್ನನ್ನು ತಡೆದ. ಅವನ ಕಣ್ಣಿನಲ್ಲಿ, ಮೊದಲ ಸಲ, ಗೌರವವಿತ್ತು.

“ಎಂಥಾ ಪ್ಲಾನು ಗುರುವೇ! ಒಂದ್ ಹುಡುಗನ್ನೂ ಹತ್ರ ಸೇರಿಸ್ದೆ, ಸುಮ್ನೆ ಕೂತಿದ್ದು ಇದುಕ್ಕಾ? ನಾನು ಬಡ್ಡೆತ್ತದು, ಬಾಯಿ ಒಣಗಿಸ್ಕೊಂಡು ಹೇಳ್ಕೊಡ್ತಾ ಸತ್ತೆ.”

ನಿಜ ಹೇಳಬಹುದಿತ್ತು. ಆದರೆ ಅನುಪಯುಕ್ತ ಅನ್ನಿಸಿಕೊಳ್ಳುವುದಕ್ಕಿಂತ ಕುತಂತ್ರಿ ಅನ್ನಿಸಿಕೊಳ್ಳುವುದು ಮೇಲು. “ತಡಾ ಮಾಡಿ ತಿಳಕೊಂಡಿ” ಎಂದೆ.

ಹೆಂಡತಿಗೆ ಫೋನ್ ಮಾಡಿದಾಗಲೂ ಅವನ ಮಾತನ್ನೇ ನನ್ನದಾಗಿ ಒಪ್ಪಿಸಿದೆ. ಪ್ಲಾನ್ ಮಾಡಿ ಗೆದ್ದೆ ಅಂದೆ.

“ನೀವು? ಪ್ಲಾನು?” ಬಹಳ ಹೊತ್ತು ನಕ್ಕಳು. “ಇರಲಿ ಬಿಡ್ರಿ, ಬರ್ರಿ. ಬರೋವಾಗ ಬಕೆಟ್ ತರೋದು ಮರೀಬ್ಯಾಡ್ರಿ, ಇಲ್ಲಿ ಒಂದ ಐತಿ.”