ನಿಮ್ಮ ಸಾಲಿನಲ್ಲಿ ಉಡಿಕೆ ಉಂಟೇ?

ಶುಕ್ರವಾರ ಒಲೆಯ ಮುಂದೆ ಕೂತು ಮುದ್ದೆಗೆ ಹಿಟ್ಟು ತೊಳಸುತ್ತಿದ್ದೆ. ಆ ಹೊತ್ತಿನಲ್ಲಿ ಯಾರು ಕರೆದರೂ ಕೋಲು ಬಿಡುವ ಹಾಗಿಲ್ಲ (ನಿಮಗೇನು ಹೊಸದಾಗಿ ಹೇಳಬೇಕೆ?). ಪಕ್ಕದ ಮನೆಯ ಜೈನಾಬಿ ಆಗಲೇ ಹಿತ್ತಲ ಬಾಗಿಲಿಗೆ ಬಂದಳು. ಅವಳ ಗಂಡ ಬಸ್ಸುಗಳ ಮೆಕ್ಯಾನಿಕ್ಕು. ಮಂಡ್ಯದ ಬಸ್ ಸ್ಟ್ಯಾಂಡಿನ ಸುದ್ದಿಯೆಲ್ಲ ಅವಳಿಗೇ ಮೊದಲು.

“ಅಕ್ಕಾ, ನಿಮ್ ನಾದಿನಿ ಬ್ಲಫ್ಫಿನ ಲೈನ್‌ಮನ್ ಜೊತೆ ಮಾತಾಡ್ತಾ ನಿಂತಿದ್ರಂತೆ. ಕಣ್ಣಲ್ಲಿ ನೀರಿತ್ತಂತೆ.”

ಕೋಲು ಬಿಟ್ಟೆ. ಅವತ್ತು ಮನೆಯವರೆಲ್ಲ ಗಂಟು ಮುದ್ದೆ ತಿಂದರು. ಯಾರೂ ಬಯ್ಯಲಿಲ್ಲ, ದೇವರು ದೊಡ್ಡವನು.

ನಾದಿನಿ ನಿಂಗಮ್ಮ ಗಂಡ ಸತ್ತ ಮೇಲೆ ನಮ್ಮ ಜೊತೆಯಲ್ಲೇ ಇದ್ದಾಳೆ. ಮಕ್ಕಳಿಲ್ಲ. ಬ್ಲಫ್ಫಿನ ಕರೆಂಟು ಕಾರ್ಖಾನೆಯಲ್ಲಿರುವ ಆ ಲೈನ್‌ಮನ್ ಚಿಕ್ಕಣ್ಣ ಹಿಂದೆ ನಮ್ಮ ಬೀದಿಯವನೇ. ಇಬ್ಬರಿಗೂ ಮನಸ್ಸಿತ್ತು. ನಮ್ಮ ಮಾವನವರು ಗದ್ದೆ ಹೆಚ್ಚಿದ್ದ ಕಡೆಗೆ ಮಗಳನ್ನು ಕೊಟ್ಟುಬಿಟ್ಟರು. ಈಗ ಅವನ ಹೆಂಡತಿಯೂ ಇಲ್ಲ. ಪೆಟ್ರೋಲು ಸಿಗದ ಈ ಯುದ್ಧಕಾಲದ ಇದ್ದಿಲ ಬಸ್ಸು ಹತ್ತಿ, ಮಳವಳ್ಳಿಯಲ್ಲಿ ಅದು ಕೆಟ್ಟು ನಿಂತರೂ ಬಿಡದೆ ಬಂದಿದ್ದಾನೆ.

ನಿಂಗಮ್ಮನನ್ನು ನೇರವಾಗಿ ಕೇಳಿದೆ. ಅವಳೂ ನೇರವಾಗಿಯೇ ಹೇಳಿದಳು. “ಸೀರೆ ಉಡುಸ್ತೀನಿ, ಬತ್ತೀಯಾ ಅಂದ. ಊಂ ಅಂದೆ ಕಣತ್ಗೆ.”

ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಕರೆದೊಯ್ಯುವುದಕ್ಕೆ ನಮ್ಮವರಲ್ಲಿ ಉಡಿಕೆ ಎನ್ನುತ್ತಾರೆ. ಓಲಗವಿಲ್ಲ, ಚಪ್ಪರವಿಲ್ಲ, ಮುತ್ತೈದೆಯರು ಎದುರಿಗೆ ನಿಲ್ಲುವುದಿಲ್ಲ. ಆದರೆ ತಪ್ಪೆಂದು ಯಾರೂ ಹೇಳುವುದಿಲ್ಲ. ಹಾಗಿದ್ದ ಮೇಲೆ ಹೆಣ್ಣು ಕೇಳಲು ಬಂದವರು ಮೊದಲು ವಂಶದ ಮಾತೆತ್ತಿ ‘ನಿಮ್ ಸಾಲಲ್ಲಿ ಉಡಿಕೆ ಐತಾ?’ ಎಂದೇಕೆ ಕೇಳಬೇಕು? ಇದ್ದರೆ ಚೀಲ ಹೆಗಲಿಗೇರಿಸಿ ಏಕೆ ಎದ್ದು ಹೋಗಬೇಕು? (ಜೈನಾಬಿಗೆ ಇದು ಅರ್ಥವೇ ಆಗುವುದಿಲ್ಲ. ಅವರಲ್ಲಿ ಎರಡನೆಯ ನಿಕಾಹೂ ನಿಕಾಹೇ.)

ನನ್ನ ಮಗಳು ಪುಟ್ಟಲಕ್ಷ್ಮಿಯನ್ನು ನೋಡಲು ಕೆರಗೋಡಿನವರು ಸೋಮವಾರ ಬರುವವರಿದ್ದರು. ಹುಡುಗ ಮೇಷ್ಟರು. ಮಗಳಿಗೂ ಒಪ್ಪಿಗೆ. ಮುತ್ತತ್ತಿರಾಯನಿಗೆ ಮುಡಿಪು ಕಟ್ಟಲು ಕೂತರೆ ಕೈ ಓಡಲಿಲ್ಲ. ಮಗಳಿಗಾಗಿ ಕಟ್ಟಲೋ, ನಾದಿನಿಗಾಗಿ ಕಟ್ಟಲೋ?

ಕೊನೆಗೆ ನಿಂಗಮ್ಮನಿಗೇ ಹೇಳಿದೆ: ಹುಡುಗಿಯ ಧಾರೆ ಆಗುವ ತನಕ ತಡೆದುಕೋ.

ಅವಳು ಜಗಳವಾಡಲಿಲ್ಲ. “ಅಪ್ಪನೂ ಇಂಗೇ ಅಂದಿತ್ತು. ಅಣ್ಣನ್ ಮದ್ವೆ ಆಗ್ಲಿ ತಡಿ ಅಂತ. ತಡುದ್ರೆ ಗದ್ದೆಯೋರ್ಗೆ ಕೊಟ್ಬುಡ್ತು” ಎಂದಳು.

ಅಣ್ಣನ ಮದುವೆ ಅಂದರೆ ನನ್ನ ಮದುವೆ. ನನಗೆ ಅವಳ ಮುಖ ನೋಡಲಾಗಲಿಲ್ಲ.

ಜಗುಲಿಯಲ್ಲಿ ಕೂತಿದ್ದ ಅತ್ತೆಗೆ ಎಲ್ಲ ಕೇಳಿಸಿತ್ತು. ಭಾನುವಾರ ನಾನು ಅವರ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಮೆಲ್ಲಗೆ ಬಾಯಿ ಬಿಟ್ಟರು. ಅವರ ಮೊದಲ ಗಂಡ ಪ್ಲೇಗಿನಲ್ಲಿ ಹೋದನಂತೆ. ಈ ಮನೆಗೆ ಅವರು ಬಂದದ್ದೇ ಉಡಿಕೆಯಲ್ಲಿ. ದೂರದ ಊರಿನ ಹೆಣ್ಣು, ಇಲ್ಲಿ ಯಾರಿಗೂ ತಿಳಿಯಲಿಲ್ಲ.

ನನ್ನನ್ನು ಕೊಡುವ ಮುನ್ನ ನಮ್ಮಪ್ಪ ಕೇಳಿದಾಗ ಏನೆಂದಿರಿ ಅತ್ತೆ, ಅಂದೆ. ಇಲ್ಲ ಅಂದೆವು, ಅಂದರು.

ಸಿಟ್ಟು ಬಂತು. ಇಷ್ಟು ವರ್ಷ! ಆದರೆ ಅಂದು ನಿಜ ಹೇಳಿದ್ದರೆ ನಮ್ಮಪ್ಪ ಎದ್ದು ಹೋಗುತ್ತಿದ್ದ. ನನಗೆ ಈ ಮನೆ ಇಲ್ಲ, ಪುಟ್ಟಲಕ್ಷ್ಮಿಯೂ ಇಲ್ಲ. ಸಿಟ್ಟನ್ನು ಎಲ್ಲಿಡಲಿ?

ಸೋಮವಾರ ಬಂದರು. ಹುಡುಗನ ಅಜ್ಜಿ ಒಳಮನೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ ‘ಉಡಿಕೆ ಐತಾ?’ ಎಂದು ಕೇಳಿಯೇಬಿಟ್ಟರು. ಅತ್ತೆ ‘ಇಲ್ಲ’ ಅಂದರೆ ನಿಂಗಮ್ಮನ ಬಾಳು ಇನ್ನೊಂದು ಸಲ ಮುಗಿಯಿತು. ‘ಇದೆ’ ಅಂದರೆ ನನ್ನ ಮಗಳದ್ದು.

“ಐತೆ ಕಣವ್ವ” ಅಂದರು ಅತ್ತೆ. “ನಾನೇ ಉಡಿಕೆಯೋಳು. ಬರೋ ವಾರ ನನ್ ಮಗಳ್ಗೂ ಸೀರೆ ಉಡುಸ್ತೀವಿ. ಎಣ್ಣು ಬೇಕಾದ್ರೆ ತಕ್ಕೊಳಿ, ಬ್ಯಾಡದಿದ್ರೆ ಊಟ ಮಾಡ್ಕೊಂಡೋಗಿ.”

ಅಜ್ಜಿಯ ಬೆರಳು ಎಲೆಯ ಮೇಲೇ ನಿಂತಿತು. “ನಿಮ್ಮನೇಲಿ ಬಾಯಿ ಬಲು ಜೋರು ಕಣವ್ವ” ಅಂದು ಎಲೆ ಮಡಿಸಿ ಬಾಯಿಗಿಟ್ಟರು. ಊಟ ಮಾಡಿದರು. ತಾಂಬೂಲವನ್ನೂ ಸೆರಗಿಗೆ ಕಟ್ಟಿಕೊಂಡರು. ಹೇಳಿ ಕಳಿಸುತ್ತೇವೆ ಅಂದು ಹೋದರು. ತಾಂಬೂಲ ಬಿಟ್ಟು ಹೋಗಲಿಲ್ಲವಲ್ಲ, ಅಷ್ಟಾದರೂ ಆಯಿತು.

(ಇದನ್ನೆಲ್ಲ ಪತ್ರಿಕೆಗೆ ಬರೆಯಲೇ ಎಂದು ಅತ್ತೆಯನ್ನು ಕೇಳಿದೆ. “ಬರಿ ಬುಡವ್ವ, ಮುಚ್ಚಿಟ್ಟು ಸಾಕಾಗೈತೆ” ಅಂದರು.)

ಬಟ್ಟೆಗೂ ಕಂಟ್ರೋಲ್ ಇರುವ ಈ ಕಾಲದಲ್ಲಿ ಜೈನಾಬಿಯ ಗಂಡ ಮದ್ದೂರಿನಿಂದ ಒಂದು ಹಸಿರು ಸೀರೆ ತಂದುಕೊಟ್ಟಿದ್ದಾರೆ. ನಿಂಗಮ್ಮ ಅದನ್ನು ಉಡುವಾಗ ಮುತ್ತೈದೆಯಾದ ನಾನು ಎದುರಿಗೇ ನಿಲ್ಲುತ್ತೇನೆ ಎಂದಿದ್ದೇನೆ. ಪುಟ್ಟಲಕ್ಷ್ಮಿ ಮಾತ್ರ ಮಾತು ಕಡಿಮೆ ಮಾಡಿದ್ದಾಳೆ.

ಕೆರಗೋಡಿನಿಂದ ಇನ್ನೂ ಸುದ್ದಿ ಇಲ್ಲ. ರಾತ್ರಿ ನೆನೆ ಹಾಕಿದ ಅವರೆಕಾಳು ಹಿಚುಕುತ್ತಾ ಕೂತಿದ್ದೇನೆ. ಆ ಕಡೆಯ ಬಸ್ಸಿನ ಸದ್ದಾದಾಗಲೆಲ್ಲ ಕೈ ನಿಲ್ಲುತ್ತದೆ. ಬಾಗಿಲಿಗೆ ಯಾರೂ ಬರದಿದ್ದರೆ ಮತ್ತೆ ಹಿಚುಕುತ್ತೇನೆ.