ಮೀನಿಗೆ ಸಾತ್ವಿಕ ಊಟ

ಮೇಲವಂಕಿಯ ಸತ್ಯೆಪ್ಪನಂಥ ಮೀನು ಸಾಕುವವರನ್ನು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಮಾರಲೆಂದು ಮೀನು ಸಾಕುತ್ತಾನೆ, ತಾನು ಮಾತ್ರ ತಿನ್ನುವುದಿಲ್ಲ; ದಿನಾ ಹೊಂಡಕ್ಕೆ ಕೈಮುಗಿದು ಬರೀ ಗೋವಿನಜೋಳದ ನುಚ್ಚು ಚೆಲ್ಲುತ್ತಾನೆ. “ಬರೇ ಗೋವಿನಜ್ವಾಳ ತಿಂದ್ರ ಮೀನಿನ ಮಿದುಳು ಶಾಂತ ಇರಾಕ ಬೇಕಾದ ಸತ್ವ ಸಿಗಂಗಿಲ್ರಿ, ಒಣಮೀನಿನ ಪುಡಿ ಕೂಡಸ್ರಿ” ಎಂದು ಮೀನುಗಾರಿಕೆ ಇಲಾಖೆಯ ಸಾಹೇಬರು ಹೇಳಿದರೆ, “ಮೀನಿಗೆ ಮೀನ ತಿನಸಲೇನ್ರಿ? ಸಾತ್ವಿಕ ಊಟ ಉಂಡ್ರ ತಾವ ಶಾಂತ ಆಗ್ತಾವ” ಎನ್ನುತ್ತಾನೆ. “ಲೇ, ಅದು ಹೊಂಡ ಐತಿ, ಮಠಾ ಅಲ್ಲ!” ಎಂದು ನಾನು ಬೈದರೆ ನಗುತ್ತಾನೆ. ಮೀನುಗಳು ಒಂದರ ಬಾಲವನ್ನು ಇನ್ನೊಂದು ಕಚ್ಚಿ ಹರಿದುಹಾಕುತ್ತಿವೆ. ಮನುಷ್ಯರ ನೆರಳು ಬಿದ್ದರೂ ಬೆದರಿ, ದಡದ ಕಲ್ಲಿಗೆ ತಲೆ ಬಡಿದುಕೊಂಡು ಸಾಯುತ್ತಿವೆ. ಅದಕ್ಕೇ ಈಗ ಸತ್ಯೆಪ್ಪ ಕೆಸರಿನಲ್ಲಿ ಹೊಟ್ಟೆಯ ಮೇಲೆ ತೆವಳುತ್ತ ನೀರಿನ ಹತ್ತಿರ ಬರುತ್ತಾನೆ. “ಅಂಜಬ್ಯಾಡ್ರೋ ಯಪ್ಪಾ, ನಾನ ಅದೀನಿ” ಎಂದು ಪಿಸುಗುಡುತ್ತಾನೆ. ಆ ದನಿಗೂ ನೀರು ಕಲಕಿಹೋಗುತ್ತದೆ.