ವಿಭೂತಿ ಹಚ್ಚಿದ ಹಾರ್ಡ್ ಡಿಸ್ಕ್

2006ರ ದಸರೆ ಕಳೆದ ಮೊದಲ ಕೆಲಸದ ದಿನ, ಬೆಳಿಗ್ಗೆ ಒಂಬತ್ತೂವರೆ. ಮೊಳಕಾಲ್ಮೂರಿನ ನೇಕಾರರ ಸಂಘದ ಕಚೇರಿಯಲ್ಲಿ ಇದ್ದವರು ಕಾರ್ಯದರ್ಶಿ ತಿಪ್ಪೇಸ್ವಾಮಿ, ರೇಷ್ಮೆ ಸೀರೆ ನೇಯುವ ನಾಗಪ್ಪ ಮತ್ತು ನಾನು.

ನಾನು ಚಳ್ಳಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. ಅಲ್ಲಿ ಬೆಳಿಗ್ಗೆ ಮೊದಲು ಲೈನುಗಳ ಪರೀಕ್ಷೆ, ಆಮೇಲೆ ಕಾಫಿ. ನಿವೃತ್ತಿಯ ನಂತರ ಸಂಘದ ಕಂಪ್ಯೂಟರ್ ನೋಡಿಕೊಳ್ಳಲು ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಪದ್ಧತಿ ಅದೇ ಉಳಿದಿತ್ತು.

ಆ ಕಂಪ್ಯೂಟರಿನಲ್ಲಿ ಹಳೆಯ ಸೀರೆಗಳ ಅಂಚು, ಸೆರಗಿನ ಚಿತ್ರಗಳಿದ್ದವು. ಮನೆಮನೆಯಿಂದ ಸೀರೆ ತರಿಸಿ ಸ್ಕ್ಯಾನ್ ಮಾಡಿ ವಾಪಸ್ ಕೊಟ್ಟಿದ್ದೆವು. ನಾಗಪ್ಪನ ತಾಯಿ ಓಬಮ್ಮನ ಮದುವೆ ಸೀರೆಯೂ ಅದರಲ್ಲಿತ್ತು. ಆಮೇಲೆ ಹಳೆ ಜರಿ ಕೊಳ್ಳುವವರು ಬಂದಾಗ ಮನೆಯವರು ಆ ಸೀರೆಯನ್ನು ಕೊಟ್ಟುಬಿಟ್ಟರು. ಕೊಂಡವರು ಅದನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಹಾಗಾಗಿ ಆ ಅಂಚು ಉಳಿದಿದ್ದು ನಮ್ಮ ಕಂಪ್ಯೂಟರಿನಲ್ಲಿ ಮಾತ್ರ. ಅದನ್ನು ಮತ್ತೆ ಮಗ್ಗಕ್ಕೆ ಏರಿಸಬೇಕೆಂದು ನಾಗಪ್ಪ ಕಾಯುತ್ತಿದ್ದ.

ಚಿತ್ರಗಳು ಎರಡು ಹಾರ್ಡ್ ಡಿಸ್ಕುಗಳಲ್ಲಿ ಒಟ್ಟಿಗೆ ದಾಖಲಾಗುತ್ತಿದ್ದವು. ಇದಕ್ಕೆ ರೇಡ್ ಎನ್ನುತ್ತಾರೆ. ಬೇರೆ ಉಪಕರಣ ಬೇಡ, ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶ ತಾನೇ ಎರಡನ್ನೂ ನಿಭಾಯಿಸುತ್ತದೆ. ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ. ಸಿ.ಡಿ.ಗೂ ಒಂದು ಪ್ರತಿ ತೆಗೆಯೋಣ ಎಂದು ನಾನು ಹೇಳಿದಾಗಲೆಲ್ಲ ತಿಪ್ಪೇಸ್ವಾಮಿ ಒಪ್ಪುತ್ತಿರಲಿಲ್ಲ. "ಎರಡು ಐತಲ್ಲ ಮೇಡಂ. ಸಿ.ಡಿ. ಪವರ್‌ಲೂಮ್‌ನೋರ ಕೈಗೆ ಸಿಕ್ಕಿದ್ರೆ ನಮ್ ಡಿಸೈನ್ ಗತಿಯೇನು?" ಎನ್ನುತ್ತಿದ್ದರು.

ಎರಡೂ ಡಿಸ್ಕ್ ಸರಿಯಿದ್ದರೆ ತೆರೆಯ ಮೇಲೆ ಇಂಗ್ಲಿಷಿನ ಯು ಅಕ್ಷರ ಎರಡು ಸಲ ಬರುತ್ತದೆ. ಆ ದಿನ ಒಂದೇ ಬಂತು. ಎರಡನೆಯದರ ಜಾಗದಲ್ಲಿ ಬರೀ ಗೆರೆ.

"ಇದನ್ನ ಯಾರು ಮುಟ್ಟಿದ್ರಿ?" ಎಂದು ಕೇಳಿದೆ.

"ಆಯುಧಪೂಜೆ ಮಾಡಿದ್ನಲ್ಲ ಮೇಡಂ," ಎಂದ ನಾಗಪ್ಪ. "ಮಗ್ಗ ಬಿಚ್ಚಿ ಒರೆಸ್ದಂಗೆ ಇದ್ನೂ ಬಿಚ್ಚಿ ಒರೆಸ್ದೆ. ಆ ಎರಡು ಡಬ್ಬಿಗೂ ವಿಭೂತಿ ಹಚ್ಚಿ ಮತ್ತೆ ಒಳಗಿಟ್ಟೆ."

"ಒಣ ವಿಭೂತಿನಾ?"

"ಒಣದು ಎಲ್ಲಿ ನಿಲ್ತೈತೆ? ನೀರಾಗೆ ಕಲಸಿದ್ದೆ."

ತಿಪ್ಪೇಸ್ವಾಮಿ ಚಳ್ಳಕೆರೆಗೆ ಫೋನ್ ಮಾಡಿ ಕಂಪ್ಯೂಟರ್ ರಿಪೇರಿಯ ಮಂಜುವನ್ನು ಕರೆಸಿದರು. ಅವನು ಬಿ.ಜಿ. ಕೆರೆಯಲ್ಲಿ ಬೈಕ್ ಪಂಕ್ಚರ್ ಆಗಿ, ತಡವಾಗಿ ಬಂದ. ಹೊಸ ಡಿಸ್ಕ್ ತಂದಿದ್ದ. ಬಂದವನೇ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ಡಿಸ್ಕ್ ಕೂರುವ ಎರಡು ಜಾಗಗಳಿಗೆ ನಾನು ಒಂದು, ಎರಡು ಎಂದು ಚೀಟಿ ಅಂಟಿಸಿದ್ದೆ.

"ಎರಡನೇದು ಹೋಗೈತೆ ಅಂತ ಸ್ಕ್ರೀನೇ ಹೇಳ್ತೈತೆ. ಎರಡು ಅಂತ ಚೀಟಿನೂ ಐತೆ. ಅದನ್ನ ಕಿತ್ತು ಹೊಸದು ಹಾಕ್ತೀನಿ," ಎಂದ.

ನನಗೆ ಅನುಮಾನ ಬಂತು. "ನಾಗಪ್ಪ, ಯಾವುದು ಎಲ್ಲಿತ್ತೋ ಅಲ್ಲೇ ಇಟ್ಟೆಯಾ?"

"ಅವೆರಡೂ ಮಗ್ಗದ ಲಾಳಿ ಇದ್ದಂಗೆ ಅಂದ್ಕಂಡೆ ಮೇಡಂ. ಯಾವ್ದು ಎಲ್ಲಿಟ್ರೂ ಒಂದೇ ಅಲ್ವಾ?"

ಅಷ್ಟು ಸಾಕಾಯಿತು. "ಮಂಜು, ಕೈ ತೆಗಿ. ಪರೀಕ್ಷೆ ಆಗೋವರೆಗೂ ಯಾರೂ ಏನೂ ಕೀಳಂಗಿಲ್ಲ," ಎಂದೆ.

ತಿಪ್ಪೇಸ್ವಾಮಿಗೆ ರೇಗಿತು. "ಏಳ್ರಿ ಮೇಡಂ. ಅವನು ಹೊಟ್ಟೆಪಾಡಿಗೆ ಇದನ್ನೇ ಮಾಡೋನು. ನೀವು ಫೋನ್ ಆಪೀಸ್ನೋರು."

"ಇರಬಹುದು. ಏಳಲ್ಲ."

"ಕಮಿಟಿಗೆ ಹೇಳ್ತೀನಿ."

"ಹೇಳ್ರಿ. ಅವರು ಬರೋವರೆಗೂ ಇಲ್ಲೇ ಕೂತಿರ್ತೀನಿ. ಊಟದ ಡಬ್ಬಿ ತಂದಿದೀನಿ."

ಪ್ರತಿ ಡಿಸ್ಕಿಗೂ ಅದರದೇ ಒಂದು ಸಂಖ್ಯೆ ಇರುತ್ತದೆ. ಅದು ಡಿಸ್ಕಿನ ಮೇಲೂ ಮುದ್ರಿತವಾಗಿರುತ್ತದೆ, ಆದೇಶ ಕೊಟ್ಟರೆ ತೆರೆಯ ಮೇಲೂ ಬರುತ್ತದೆ. ಕೆಲಸ ಮಾಡುತ್ತಿದ್ದ ಡಿಸ್ಕಿನ ಸಂಖ್ಯೆಯನ್ನು ತೆರೆಗೆ ತರಿಸಿ, ಎರಡು ಎಂಬ ಚೀಟಿಯಿದ್ದ ಜಾಗದಲ್ಲಿನ ಡಿಸ್ಕಿನ ಸಂಖ್ಯೆ ಓದಲು ಮಂಜುಗೆ ಹೇಳಿದೆ. ಅವನು ಬಗ್ಗಿ, ಟಾರ್ಚ್ ಬಿಟ್ಟು ಓದಿದ. ಒಂದೊಂದು ಅಂಕಿಯೂ ತಾಳೆಯಾಯಿತು. ಅವನು ಕೀಳಲು ಹೊರಟಿದ್ದು ಬದುಕಿದ್ದ ಒಂದೇ ಡಿಸ್ಕನ್ನು.

ಮಂಜು ಸ್ಕ್ರೂಡ್ರೈವರ್ ಕೆಳಗಿಟ್ಟ. "ಜೀವ ಇರೋದ್ನೇ ಕೀಳ್ತಿದ್ದೆ ಕಣ್ರಿ," ಎಂದ. ತಿಪ್ಪೇಸ್ವಾಮಿ ಹೊರಗೆ ಹೋಗಿ ನಿಂತರು.

ಕಂಪ್ಯೂಟರ್ ಆಫ್ ಮಾಡಿ ಇನ್ನೊಂದನ್ನು ತೆಗೆದೆವು. ಅದರ ಅಡಿಯ ಬೋರ್ಡಿನ ಮೇಲೆ ವಿಭೂತಿ ಬಿಳಿಯಾಗಿ ಒಣಗಿತ್ತು, ಒಂದು ಮೂಲೆ ಸುಟ್ಟಿತ್ತು. ಹೊಸದನ್ನು ಕೂರಿಸಿ, ಅದರೊಳಗಿನ ಜಾಗವನ್ನು ಹಳೆಯದರಂತೆಯೇ ಭಾಗ ಮಾಡಿ, ಜೊತೆಗೆ ಸೇರಿಸಿದೆ. ಪ್ರತಿಯಾಗುವ ಕೆಲಸ ಶುರುವಾಯಿತು. ಶೇಕಡಾ ಲೆಕ್ಕ ತೆವಳುತ್ತಿತ್ತು. ತಿಪ್ಪೇಸ್ವಾಮಿ ಬಂದು ಒಂದು ಪತ್ರ ಟೈಪ್ ಮಾಡಬೇಕು ಎಂದರು. ಇವತ್ತು ಕೈಯಲ್ಲೇ ಬರೆಯಿರಿ ಎಂದೆ.

"ಇಷ್ಟು ನಿಧಾನ ಯಾಕೆ ಮೇಡಂ?" ಎಂದ ನಾಗಪ್ಪ.

"ಮಗ್ಗಕ್ಕೆ ಒಂದೊಂದೇ ಎಳೆ ಕಟ್ಟೋವಾಗ ನಿನ್ನನ್ನ ಯಾರಾದರೂ ಹಂಗೆ ಕೇಳ್ತಾರಾ?"

ಅವನು ನಕ್ಕ. ಆಮೇಲೆ, "ಅಂಗಾದ್ರೆ ಇನ್ನು ಪೂಜೆ ಮಾಡಬಾರ್ದಾ?" ಎಂದ.

"ಮಾಡು. ಮುಚ್ಚಳದ ಮೇಲೆ ಮಾಡು."

ಸಂಜೆಯಾಗುವಷ್ಟರಲ್ಲಿ ಎರಡೂ ಯು ಬಂದವು. ಓಬಮ್ಮನ ಸೀರೆಯ ಚಿತ್ರ ತೆರೆದೆ. ನಾಗಪ್ಪ ತೆರೆಯ ಮೇಲೆ ಬೆರಳಿಟ್ಟು ಅಂಚಿನ ಗೋಪುರಗಳನ್ನು ಒಂದೊಂದಾಗಿ ನೋಡುತ್ತ ಹೋದ. "ಒಂದೂ ಹೋಗಿಲ್ಲ," ಎಂದ.

"ಎಲ್ಲಾ ಸರಿಯಾತಲ್ಲ, ಹೊರಡಾನ," ಎಂದರು ತಿಪ್ಪೇಸ್ವಾಮಿ.

ನಾನು ಬ್ಯಾಗಿನಿಂದ ಖಾಲಿ ಸಿ.ಡಿ.ಗಳನ್ನು ತೆಗೆದೆ. ಒಂದೇ ಪೆಟ್ಟಿಗೆಯಲ್ಲಿದ್ದ ಎರಡು ಡಿಸ್ಕಿಗೂ ಒಂದೇ ಕೈ ವಿಭೂತಿ ಹಚ್ಚಿತ್ತು. ಎರಡೂ ಒಟ್ಟಿಗೇ ಸುಟ್ಟುಹೋಗದೆ ಒಂದು ಉಳಿದದ್ದು ನಮ್ಮ ಜಾಣತನವಲ್ಲ. ಎರಡಿದೆ ಎಂದು ಯಾರಾದರೂ ಧೈರ್ಯ ಹೇಳಿದರೆ, ಎಲ್ಲೆಲ್ಲಿದೆ ಎಂದು ಇಂದಿಗೂ ಕೇಳುತ್ತೇನೆ.

"ಸಂಘದ ಸೊತ್ತು ಹೊರಗೆ ಹೋಗಂಗಿಲ್ಲ," ಎಂದರು ತಿಪ್ಪೇಸ್ವಾಮಿ.

"ಸಂಘದ್ದು ನಿಮ್ಮ ಬೀರುವಿನಲ್ಲಿ ಇಟ್ಕಳ್ರಿ. ಇವನ ಅವ್ವನ ಸೀರೆ ಇವನ ಮನೆಗೆ ಹೋಗ್ತೈತೆ. ಕಮಿಟಿ ಕೇಳಿದ್ರೆ ನನ್ನ ಹೆಸರು ಹೇಳ್ರಿ."

ಮುಂದಿನ ಸಭೆಯಲ್ಲಿ ಕಮಿಟಿ ಕೇಳಿತು. ಅಲ್ಲಿಯೂ ಇದನ್ನೇ ಹೇಳಿದೆ. ಮತ್ತೆ ಅಂಥದೇ ದಿನ ಬಂದರೆ ಇನ್ನೊಮ್ಮೆಯೂ ಹೀಗೇ ಮಾಡುತ್ತೇನೆ.

ಸಂಘದ ಸಿ.ಡಿ.ಗಳು ಬೀರು ಸೇರಿದವು. ಓಬಮ್ಮನ ಸೀರೆಯದನ್ನು ಬೇರೆ ಸಿ.ಡಿ.ಗೆ ಹಾಕಿ, ಸರಿಯಾಗಿ ಓದುತ್ತದೆಯೇ ಎಂದು ತೆರೆದು ನೋಡಿದೆ. ಓದಿತು. ಮೇಲೆ ಆಕೆಯ ಹೆಸರು ಬರೆದು ನಾಗಪ್ಪನ ಕೈಗಿಟ್ಟೆ.